ಟರ್ಕಿ ಟವೆಲಿನ ಅಂಚಿನ ಹೂವು

ಮೈತುಂಬ ಪುಟ್ಟ ನೂಲಿನ ಕುಣಿಕೆಗಳಿರುವ ಮೆತ್ತನೆಯ ಟವೆಲಿಗೆ ‘ಟರ್ಕಿ ಟವೆಲ್’ ಎನ್ನುತ್ತೇವಲ್ಲ ಮಕ್ಕಳೇ, ಆ ಹೆಸರಿಗೆ ಕಾರಣವಿದೆ.

ಸುಲ್ತಾನರ ಕಾಲದ ಟರ್ಕಿಯಲ್ಲಿ ಹೆಂಗಸರು ಸ್ನಾನಕ್ಕೆ ಊರಿನ ‘ಹಮಾಮಿ’ಗೆ ಹೋಗುತ್ತಿದ್ದರು. ಬೆಚ್ಚನೆಯ ಅಮೃತಶಿಲೆಯ ಕಟ್ಟೆ, ಹಬೆ, ಜೊತೆಗೆ ಹರಟೆ! ಕೈಯಲ್ಲಿ ‘ಬೊಹ್ಚಾ’ ಎಂಬ ಕಸೂತಿ ಬಟ್ಟೆಯ ಗಂಟು. ಅದರೊಳಗೆ ಮೈಗೆ ಸುತ್ತಿಕೊಳ್ಳುವ ಪೆಷ್ತಮಾಲ್, ನೀರು ಹೊಯ್ದುಕೊಳ್ಳಲು ಬೋಗುಣಿ, ಒದ್ದೆ ನೆಲಕ್ಕೆ ಎತ್ತರದ ಮರದ ಹಾವುಗೆ, ಟವೆಲುಗಳು. ಟವೆಲಿನ ಎರಡೂ ತುದಿಗೆ ರೇಷ್ಮೆ, ಜರಿ ಎಳೆಗಳಲ್ಲಿ ಟುಲಿಪ್, ಗುಲಾಬಿ, ದಾಳಿಂಬೆ. ಮದುವೆಗೆ ಮುಂಚೆ ವಧುವಿಗೆ ಹಮಾಮಿನಲ್ಲೇ ಸಂಭ್ರಮದ ಸ್ನಾನ. ಅಂದು ನೆಂಟರ ಕಣ್ಣೆಲ್ಲ ಅವಳ ಕಸೂತಿ ಬಟ್ಟೆಗಳ ಮೇಲೆ. (ಸೂಜಿ ಹಿಡಿಯಲು ಬಾರದವಳ ಪಾಡೇನೋ, ಪಾಪ!)

ಟವೆಲ್ ಮಡಿಸಿದಾಗ ಎರಡೂ ಬದಿ ಕಾಣುತ್ತದೆ. ಹಾಗಾಗಿ ಹೂವು ಹಿಂದೆ ಮುಂದೆ ಒಂದೇ ತರಹ ಇರಬೇಕು. ಅದಕ್ಕೊಂದು ಹೊಲಿಗೆಯಿದೆ. ಸೂಜಿ ನಡುನಡುವೆ ಜಾಗ ಬಿಟ್ಟು ಹೋಗುತ್ತದೆ, ಅದೇ ದಾರಿಯಲ್ಲಿ ಮರಳುತ್ತಾ ಬಿಟ್ಟದ್ದನ್ನು ತುಂಬುತ್ತದೆ. ಧಾರವಾಡದ ಕಡೆಯ ಅಜ್ಜಿಯರು ಇದನ್ನು ಓದಿ, “ಅಯ್ಯ, ಇದು ನಮ್ಮ ಗಾವಂತಿ!” ಎಂದಾರು. ನಿಜವೇ. ಮನೆಯಲ್ಲಿ ಕಸೂತಿಯ ಇಳಕಲ್ ಸೀರೆಯಿದ್ದರೆ ಅಜ್ಜಿಯನ್ನು ಕೇಳಿ, ಸೆರಗು ತಿರುಗಿಸಿ ನೋಡಿ; ಗಂಟು ಹುಡುಕಿ.

1850ರ ಸುಮಾರಿಗೆ ಹೆನ್ರಿ ಕ್ರಿಸ್ಟಿ ಎಂಬ ಇಂಗ್ಲಿಷ್ ಪ್ರವಾಸಿ ಟರ್ಕಿಯ ಕುಣಿಕೆ ಟವೆಲನ್ನು ತನ್ನ ನಾಡಿಗೆ ಒಯ್ದ. ಅಲ್ಲಿ ಅದನ್ನು ಯಂತ್ರದಲ್ಲಿ ನೇಯ್ದು, 1851ರ ಲಂಡನ್ ಮಹಾಪ್ರದರ್ಶನದಲ್ಲಿಟ್ಟರು. ಕುಣಿಕೆಯೂ ಹೆಸರೂ ನಮ್ಮ ಬಚ್ಚಲಿನವರೆಗೆ ಬಂದವು. ಅಂಚಿನ ಹೂವು ಮಾತ್ರ ಬರಲಿಲ್ಲ. ಅದನ್ನು ನೋಡಬೇಕೆಂದರೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್‌ನಂಥ ವಸ್ತುಸಂಗ್ರಹಾಲಯಕ್ಕೇ ಹೋಗಬೇಕು.