ತೆಳುವೂ ದಪ್ಪವೂ ಕೂಡಿದ ಕನ್ನಡ

ಇಂಡಿಯಿಂದ ಮುದ್ದೇಬಿಹಾಳದವರೆಗೆ ಯಾವ ಊರಿನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕಿಸಿದರೂ ಅಕ್ಷರದ ಆಯ್ಕೆ ಹೆಚ್ಚೇನೂ ಇರುವುದಿಲ್ಲ. ಮೊದಲಿಂದ ಕೊನೆಯವರೆಗೆ ಒಂದೇ ದಪ್ಪದ ಗೆರೆ, ಇಲ್ಲವೇ ಅದನ್ನೇ ಇನ್ನಷ್ಟು ದಪ್ಪ ಮಾಡಿ ನೆರಳು ಬಿಟ್ಟದ್ದು. ನೂರು ವರ್ಷಕ್ಕೂ ಹಿಂದಿನ ಅಚ್ಚುಮೊಳೆಯ ಪುಸ್ತಕ ಎಲ್ಲಾದರೂ ಸಿಕ್ಕರೆ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಗೆರೆ ಒಂದೆಡೆ ಮೈತುಂಬಿಕೊಂಡು, ಇನ್ನೊಂದೆಡೆ ಎಳೆಯಾಗಿ ತಿರುಗುತ್ತದೆ. ಆ ಚೆಲುವು ಈಗ ಕಂಪ್ಯೂಟರಿನಲ್ಲಿ ಮತ್ತೆ ಸಿಗುತ್ತಿದೆ. ಫಾಂಟಿನ ಹೆಸರು ‘ಟಿರೋ ಕನ್ನಡ’.

ಕೆನಡಾದ ಅಕ್ಷರ ವಿನ್ಯಾಸ ಸಂಸ್ಥೆ ಟಿರೋ ಟೈಪ್‌ವರ್ಕ್ಸ್ ಇದನ್ನು ಸಿದ್ಧಪಡಿಸಿತು. ಜಾನ್ ಹಡ್ಸನ್ ಮತ್ತು ಫಿಯೋನಾ ರಾಸ್ ಅವರ ಕೈ ಇದರಲ್ಲಿದೆ. ಮೊದಲು ಬಳಕೆಯಾದದ್ದು ಹಾರ್ವರ್ಡ್ ವಿಶ್ವವಿದ್ಯಾಲಯ ಮುದ್ರಣಾಲಯ 2015ರಲ್ಲಿ ಆರಂಭಿಸಿದ ಮೂರ್ತಿ ಕ್ಲಾಸಿಕಲ್ ಲೈಬ್ರರಿ ಮಾಲೆಗಾಗಿ. 2017ರಲ್ಲಿ ಆ ಮಾಲೆಯಲ್ಲಿ ವನಮಾಲಾ ವಿಶ್ವನಾಥ ಅವರ ಇಂಗ್ಲಿಷ್ ಅನುವಾದದೊಂದಿಗೆ ರಾಘವಾಂಕನ ಹರಿಶ್ಚಂದ್ರ ಕಾವ್ಯ ಬಂತು. ಎದುರು ಪುಟದಲ್ಲಿ ಮೂಲ ಕನ್ನಡ. ಮುಂದೆ ಅದೇ ವಿನ್ಯಾಸ ‘ಟಿರೋ ಕನ್ನಡ’ ಎಂಬ ಹೆಸರಿನಲ್ಲಿ ಎಲ್ಲರಿಗೂ ಉಚಿತವಾಯಿತು. ವಿನ್ಯಾಸಕಾರರು ಹೊಸ ಶೈಲಿ ಹುಡುಕಲು ಹೋಗದೆ 19ನೇ ಶತಮಾನದ ಕನ್ನಡ ಮೊಳೆಗಳ ಏರಿಳಿತವನ್ನೇ ಮತ್ತೆ ಕೈಗೆತ್ತಿಕೊಂಡರು. 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯ ಶುರುವಾದ, 1894ರಲ್ಲಿ ಅಲ್ಲಿಂದಲೇ ಕಿಟೆಲ್ ನಿಘಂಟು ಹೊರಬಂದ ಶತಮಾನ ಅದು.

ರೋಮನ್ ಲಿಪಿಯಲ್ಲಿ ಅಕ್ಷರದ ತುದಿಗಳಿಗೆ ಸಣ್ಣ ಅಡ್ಡಗೆರೆ ಇದ್ದರೆ ಸೆರಿಫ್, ಇಲ್ಲದಿದ್ದರೆ ಸ್ಯಾನ್ಸ್ ಸೆರಿಫ್. ತೆಳು-ದಪ್ಪದ ಸೊಗಸು ಹೆಚ್ಚಾಗಿ ಸೆರಿಫ್ ಅಕ್ಷರಗಳ ಪಾಲು. ಅಡ್ಡಗೆರೆ ಬಿಟ್ಟೂ ಆ ಸೊಗಸನ್ನು ಉಳಿಸಿಕೊಳ್ಳಬಹುದೆಂದು ತೋರಿಸಿದವರಲ್ಲಿ ಜರ್ಮನಿಯ ಹರ್ಮನ್ ಜಾಫ್ ಒಬ್ಬರು. 1950ರಲ್ಲಿ ಫ್ಲಾರೆನ್ಸಿನ ಸಾಂತಾ ಕ್ರೋಚೆ ಚರ್ಚಿನ ನೆಲಹಾಸಿನಲ್ಲಿದ್ದ ಸಮಾಧಿ ಕಲ್ಲುಗಳ ಅಕ್ಷರ ಕಂಡು, ಜೇಬಿನಲ್ಲಿದ್ದ ಲಿರಾ ನೋಟಿನ ಮೇಲೆಯೇ ಅದರ ರೂಪ ಬರೆದುಕೊಂಡರು. 1958ರಲ್ಲಿ ಅದು ‘ಆಪ್ಟಿಮಾ’ ಆಗಿ ಮಾರುಕಟ್ಟೆಗೆ ಬಂತು. ವಾಷಿಂಗ್ಟನ್ನಿನಲ್ಲಿ 1982ರಲ್ಲಿ ಎದ್ದು ನಿಂತ ವಿಯೆಟ್ನಾಂ ಯೋಧರ ಸ್ಮಾರಕದ ಕರಿಕಲ್ಲಿನ ಮೇಲೆ ಮಡಿದವರ ಹೆಸರುಗಳೆಲ್ಲ ಅದೇ ಅಕ್ಷರದಲ್ಲಿವೆ. ಕನ್ನಡಕ್ಕೆ ಆ ದಾರಿ ಹುಡುಕುವ ಕಷ್ಟವೇ ಇರಲಿಲ್ಲ. ನಮ್ಮ ತಲೆಕಟ್ಟು ಅಕ್ಷರದ ಅಂಗ, ಅಲಂಕಾರವಲ್ಲ. ಸೆರಿಫಿನ ಗೊಡವೆಯಿಲ್ಲದೆ ತೆಳು-ದಪ್ಪವನ್ನು ಕನ್ನಡದ ಮೊಳೆಗಳು ಮೊದಲಿಂದಲೂ ಹೊತ್ತಿದ್ದವು.

ಹತ್ತಿರದಿಂದ ನೋಡಬೇಕಾದದ್ದು ‘ಧ’. ‘ದ’ಕ್ಕೂ ಇದಕ್ಕೂ ವ್ಯತ್ಯಾಸ ಬುಡದ ಒಂದು ಸಣ್ಣ ಸೀಳು ಮಾತ್ರ. ಒಂದೇ ದಪ್ಪದ ಅಕ್ಷರವನ್ನು ಬೋಲ್ಡ್ ಮಾಡಿದರೆ ಆ ಸೀಳು ಮುಚ್ಚಿಹೋಗಿ ‘ಧನ’ ‘ದನ’ವಾಗುತ್ತದೆ. ಗೆರೆ ತೆಳುವಾಗಲು ಅವಕಾಶವಿದ್ದರೆ ಅಲ್ಲಿ ಬೆಳಕು ಉಳಿಯುತ್ತದೆ. ‘ಥ’ದ ಹೊಟ್ಟೆಯ ಚುಕ್ಕೆಗೂ ಇದೇ ಮಾತು.

ನಮ್ಮ ವಿಜಯಪುರ ಸೀಮೆಗೆ ಅಕ್ಷರದ ಋಣ ದೊಡ್ಡದು. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ದೂರದೂರದ ವಿದ್ಯಾರ್ಥಿಗಳಿಗೆ 27 ವಸತಿಮನೆಗಳಿದ್ದ ಶಾಲೆಯ ಸಂಗತಿಯನ್ನು ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ ಕಂಬಶಾಸನ ಕ್ರಿ.ಶ. 945ರಲ್ಲೇ ಹೇಳಿದೆ. ಬಸವನಬಾಗೇವಾಡಿ ತಾಲ್ಲೂಕಿನ ಇಂಗಳೇಶ್ವರದಲ್ಲಿ ವಚನಗಳನ್ನು ಕಲ್ಲಿನಲ್ಲಿ ಕೊರೆಸಿದ ಶಿಲಾಮಂಟಪವಿದೆ. ತಾಳೆಗರಿಯ ವಚನಗಳನ್ನು ಊರೂರು ಅಲೆದು ಕೂಡಿಸಿದ ಫ.ಗು. ಹಳಕಟ್ಟಿಯವರು 1925ರಲ್ಲಿ ಮನೆ ಮಾರಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು. ಗರಿಯ ಮೇಲೆ ಕಬ್ಬಿಣದ ಕಂಟ ಕೊರೆದ ಗೆರೆ ಒಂದೇ ದಪ್ಪದ್ದು, ಹಾಗಾಗಿ ಆ ಬಗೆಯೂ ನಮಗೆ ಹೊರಗಿನದಲ್ಲ. ಬಸ್ಸಿನ ಫಲಕಕ್ಕೆ, ಹೊಲದ ದಾರಿಯ ಬೋರ್ಡಿಗೆ ಅದೇ ಸರಿ. ಆದರೆ ವಚನಕ್ಕೆ ಟಿರೋದಂಥ ಅಕ್ಷರವೇ ಬೇಕೆಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ವಚನದ ಸಾಲು ಚಿಕ್ಕದು, ಸುತ್ತ ಬಿಳಿ ಜಾಗ ಧಾರಾಳ; ಒಂದೊಂದು ಅಕ್ಷರದ ಮೇಲೂ ಕಣ್ಣು ನಿಲ್ಲುತ್ತದೆ. ಸಿಂದಗಿ ತಾಲ್ಲೂಕಿನಲ್ಲಿ ಹುಟ್ಟಿದ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟಗಳು 1993ರಲ್ಲಿ ಬಂದವು. ಪಾಠಕ್ಕೆ ಅಷ್ಟು ಶ್ರಮ ಪಟ್ಟ ನಾಡು ಅದರ ಅಕ್ಷರರೂಪಕ್ಕೂ ಸ್ವಲ್ಪ ಮನಸ್ಸು ಕೊಡಬೇಕು.

ಮಠದ ಆಹ್ವಾನಪತ್ರಿಕೆ, ಶಾಲೆಯ ಅಭಿನಂದನ ಗ್ರಂಥ, ಲಗ್ನಪತ್ರಿಕೆಯಲ್ಲಿ ವಧೂವರರ ಹೆಸರು, ಎಲ್ಲಕ್ಕೂ ಇದು ಒಪ್ಪುತ್ತದೆ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಇಂಡಿ ಲಿಂಬೆಯ ಪೆಟ್ಟಿಗೆಯ ಮೇಲೂ ಚೆನ್ನಾಗಿ ಕೂರುತ್ತದೆ. ಬೇರೆ ದೇಶಗಳಲ್ಲಿ ಸುಗಂಧದ ಸೀಸೆ, ಬೆಲೆಬಾಳುವ ಉಡುಪಿನ ಗುರುತುಪಟ್ಟಿಗೆ ಇಂಥ ತೆಳು-ದಪ್ಪದ ಅಕ್ಷರವನ್ನು ಆರಿಸುವುದುಂಟು.

ಅಚ್ಚು ಹಾಕಿಸುವವರು ಕೆಲವು ಸಂಗತಿ ಗಮನಿಸಬೇಕು. ಇದು ಯೂನಿಕೋಡ್ ಫಾಂಟು. ಹಳೆಯ ಪೇಜ್‌ಮೇಕರಿನಲ್ಲಿ ಒತ್ತಕ್ಷರ ಒಡೆಯುತ್ತದೆ, ಇನ್‌ಡಿಸೈನ್ ಅಥವಾ ಲಿಬ್ರೆ ಆಫೀಸ್ ಬೇಕು. ಬೋಲ್ಡ್ ಇಲ್ಲ, ನೇರ ಮತ್ತು ಓರೆ ರೂಪ ಮಾತ್ರ. ಶೀರ್ಷಿಕೆಗೆ ಅಳತೆ ಹಿಗ್ಗಿಸಿದರೆ ಸಾಕು. ತಂತ್ರಾಂಶದ ಬೋಲ್ಡ್ ಗುಂಡಿ ಒತ್ತಿದರೆ ಎಳೆಗಳೆಲ್ಲ ಕೆಡುತ್ತವೆ. ಒರಟು ಕಾಗದದ ಮೇಲೆ ತೀರ ಸಣ್ಣದಾಗಿ ಹಾಕಿದರೆ ತೆಳುಗೆರೆ ಹಾರಿಹೋಗುತ್ತದೆ, ಪುಸ್ತಕಕ್ಕೆ 11 ಪಾಯಿಂಟಿಗಿಂತ ಇಳಿಸದಿರುವುದು ಒಳ್ಳೆಯದು. ಸಾಲುಗಳ ನಡುವೆ ಒತ್ತಕ್ಷರಕ್ಕೆ ಉಸಿರಾಡಲು ಜಾಗ ಬಿಡಿ. ಮೊದಲ ಪ್ರೂಫ್ ಬಂದಾಗ ‘ರಾಷ್ಟ್ರ’, ‘ಸ್ತ್ರೀ’, ‘ಧರ್ಮ’ ಎಂಬ ಪದಗಳಿದ್ದ ಸಾಲುಗಳನ್ನೇ ಮೊದಲು ಹುಡುಕಿ ನೋಡಿ.