ಅಳತೆಗೆ ತಕ್ಕ ಸೈಕಲ್ಲು

ನನ್ನ ತಲೆಮಾರಿನವರಲ್ಲಿ ಬಹುಮಂದಿ ಸೈಕಲ್ ಸವಾರಿಯನ್ನು ಕಲಿತದ್ದು ಬಾಡಿಗೆಯ ಸೈಕಲ್ಲಿನ ಮೇಲೆ. ಗಂಟೆಗೆ ಇಷ್ಟೆಂದು ಹಣ ತೆತ್ತು ತರುತ್ತಿದ್ದ ಆ ಕರಿಯ ಸೈಕಲ್ಲುಗಳನ್ನು ದೊಡ್ಡವರ ಎತ್ತರಕ್ಕೆಂದು ಮಾಡಿದ್ದರು. ಸೀಟಿನ ಮೇಲೆ ಕುಳಿತರೆ ನಮ್ಮ ಕಾಲು ಪೆಡಲಿಗೆ ಎಟುಕುತ್ತಿರಲಿಲ್ಲ. ಆದುದರಿಂದ ಚೌಕಟ್ಟಿನ ನಡುವಣ ಸಂದಿಯಲ್ಲಿ ಒಂದು ಕಾಲನ್ನು ತೂರಿಸಿ, ಮೈಯನ್ನು ಪಕ್ಕಕ್ಕೆ ಡೊಂಕಾಗಿಸಿಕೊಂಡು ‘ಒಳಪೆಡಲು’ ತುಳಿಯುತ್ತಿದ್ದೆವು. ಬಿದ್ದು ಮಂಡಿ ತರಚಿಕೊಂಡರೂ ಅದನ್ನು ದೊಡ್ಡದಾಗಿ ಎಣಿಸುತ್ತಿರಲಿಲ್ಲ. ಸೈಕಲ್ಲಿಗೆ ನಾವು ಹೊಂದಿಕೊಳ್ಳಬೇಕೆಂದು ತಿಳಿದಿದ್ದೆವೇ ಹೊರತು, ಸೈಕಲ್ಲು ನಮಗೆ ಹೊಂದಬೇಕೆಂಬ ಯೋಚನೆ ಯಾರಿಗೂ ಹೊಳೆದಿರಲಿಲ್ಲ. ಬಾಲ್ಯದ ಈ ತಿಳಿವಳಿಕೆಯು ಅರುವತ್ತು ದಾಟಿದ ಮೇಲೂ ನನ್ನನ್ನು ಬಿಡಲಿಲ್ಲ.

ವೃತ್ತಿಯಿಂದ ನಿವೃತ್ತನಾದ ಮೇಲೆ, ಮೈಸೂರಿನ ಸುತ್ತಣ ಊರುಗಳನ್ನು ಸೈಕಲ್ಲಿನ ಮೇಲೆ ಸುತ್ತಿಬರಬೇಕೆಂಬ ಆಸೆ ನನ್ನಲ್ಲಿ ಮೂಡಿತು. ಇಂತಹ ದೂರದ ಸವಾರಿಗೆಂದೇ ‘ರೋಡ್ ಸೈಕಲ್’ ಎಂಬ ಬಗೆಯುಂಟು. ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್, ತೆಳುವಾದ ಟೈರು, ಹಲವು ಗೇರುಗಳು ಇದರ ಲಕ್ಷಣಗಳು. ದಿನಬಳಕೆಯ ಹಳೆಯ ಸೈಕಲ್ಲು ಸುಮಾರು 20 ಕಿಲೋಗ್ರಾಂ ತೂಗಿದರೆ, ಇದು ಸಾಮಾನ್ಯವಾಗಿ 8ರಿಂದ 11 ಕಿಲೋಗ್ರಾಂ ತೂಗುತ್ತದೆ. ಸವಾರನು ಮುಂದಕ್ಕೆ ಬಾಗಿ ಕುಳಿತುಕೊಳ್ಳುವುದರಿಂದ ಗಾಳಿಯ ತಡೆಯೂ ಕಡಿಮೆಯಾಗುತ್ತದೆ.

ಅಂಗಡಿಯೊಂದರಲ್ಲಿ ಕೆಂಪು ಬಣ್ಣದ ಒಂದು ಸೈಕಲ್ಲು ನನ್ನ ಕಣ್ಣನ್ನು ಸೆಳೆಯಿತು. ಬೆಲೆಯಲ್ಲಿ ರಿಯಾಯಿತಿಯೂ ಇತ್ತು. ಅದು ತುಸು ದೊಡ್ಡದೆಂದು ತೋರಿದರೂ, ಸೀಟನ್ನು ತಗ್ಗಿಸಿದರೆ ಎಲ್ಲವೂ ಸರಿಹೋಗುವುದೆಂಬ ಮಾತನ್ನು ನಂಬಿ ಕೊಂಡು ತಂದೆ. ಮೂರು ವಾರ ಕಳೆಯುವುದರೊಳಗೆ ಕತ್ತು ನೋಯತೊಡಗಿತು. ಅಂಗೈಗಳು ಜೋಮು ಹಿಡಿದವು. ನನಗೆ ವಯಸ್ಸಾಯಿತೆಂದು ಬಗೆದು, ಸೈಕಲ್ಲನ್ನು ಮನೆಯ ಮೂಲೆಗೆ ಒರಗಿಸಿ, ಮೇಲೊಂದು ಬಟ್ಟೆ ಹೊದಿಸಿಬಿಟ್ಟೆ.

ಸೈಕಲ್ ದುರಸ್ತಿಯ ಕಸುಬನ್ನು ಹಿಡಿದಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಒಮ್ಮೆ ಮನೆಗೆ ಬಂದಾಗ ಅದನ್ನು ಕಂಡು ಕಾರಣ ಕೇಳಿದನು. ನನ್ನನ್ನು ಸೀಟಿನ ಮೇಲೆ ಕೂರಿಸಿ ಸುತ್ತಲೂ ನೋಡಿ, “ಮೇಷ್ಟ್ರೇ, ಇದು ನಿಮ್ಮ ವಯಸ್ಸಿನ ತಪ್ಪಲ್ಲ, ಚೌಕಟ್ಟಿನ ಅಳತೆಯ ತಪ್ಪು. ನೀವು ಈಗಲೂ ಒಳಪೆಡಲನ್ನೇ ತುಳಿಯುತ್ತಿದ್ದೀರಿ” ಎಂದು ನಕ್ಕನು. ಆ ಸೈಕಲ್ಲನ್ನು ನಷ್ಟಕ್ಕೆ ಮಾರಿ, ಅವನ ಸಲಹೆಯಂತೆ ಇನ್ನೊಂದನ್ನು ಆರಿಸಿದೆನು. ಆಗ ಕಲಿತುದನ್ನು ಇಲ್ಲಿ ಹೇಳುತ್ತೇನೆ. ಮುಂದೆ ನಿಮ್ಮ ದುಡಿಮೆಯ ಹಣದಿಂದ ಇಂತಹ ಸೈಕಲ್ಲನ್ನು ಕೊಳ್ಳುವಾಗ ಅದು ನಿಮಗೆ ನೆರವಾದೀತು.

ಸವಾರನ ಅಳತೆಗೂ ಸೈಕಲ್ಲಿಗೂ ಇರುವ ನಂಟು ಹಳೆಯದು. 1817ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ ಎಂಬಾತನು ರಚಿಸಿದ ಎರಡು ಚಕ್ರದ ಗಾಡಿಗೆ ಪೆಡಲುಗಳೇ ಇರಲಿಲ್ಲ. ಸವಾರನು ನೆಲವನ್ನು ಕಾಲಿನಿಂದ ಒದ್ದು ಸಾಗಬೇಕಾಗಿತ್ತು. 1870ರ ದಶಕದಲ್ಲಿ ಬಳಕೆಗೆ ಬಂದ ಎತ್ತರದ ಸೈಕಲ್ಲುಗಳಲ್ಲಿ ಪೆಡಲುಗಳು ಮುಂದಿನ ದೊಡ್ಡ ಚಕ್ರದ ಅಚ್ಚಿಗೇ ಜೋಡಿಸಲ್ಪಟ್ಟಿದ್ದವು. ಆದಕಾರಣ ಸವಾರನ ಕಾಲು ಎಷ್ಟು ಉದ್ದವೋ ಅದಕ್ಕೆ ತಕ್ಕಷ್ಟು ದೊಡ್ಡ ಚಕ್ರವನ್ನು ಅವನು ಆರಿಸುತ್ತಿದ್ದನು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿಯು ಹಿಂದಿನ ಚಕ್ರವನ್ನು ಚೈನಿನಿಂದ ತಿರುಗಿಸುವ ‘ರೋವರ್’ ಸೈಕಲ್ಲನ್ನು ಹೊರತಂದನು. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಹಕ್ಕುಪತ್ರ ಪಡೆದನು. ಅಂದಿನಿಂದ ಕಾಲಿನ ಉದ್ದವು ಚಕ್ರದ ಗಾತ್ರವನ್ನು ನಿರ್ಧರಿಸುವುದು ತಪ್ಪಿತು. ಚೌಕಟ್ಟಿನ ಗಾತ್ರವನ್ನು ಮಾತ್ರ ಅದು ಇಂದಿಗೂ ನಿರ್ಧರಿಸುತ್ತದೆ.

ಸೈಕಲ್ಲನ್ನು ಆರಿಸುವಾಗ ಮೊದಲು ನೋಡತಕ್ಕದ್ದು ಈ ಚೌಕಟ್ಟನ್ನು. ಸೀಟನ್ನು ಮೇಲಕ್ಕೂ ಕೆಳಕ್ಕೂ ಸರಿಸಬಹುದು. ಆದರೆ ಸೀಟಿನಿಂದ ಹ್ಯಾಂಡಲಿಗಿರುವ ದೂರವು ಬಹುಮಟ್ಟಿಗೆ ಚೌಕಟ್ಟಿನ ಉದ್ದವನ್ನು ಅವಲಂಬಿಸಿದೆ; ಅದನ್ನು ಆಮೇಲೆ ತುಸು ಮಾತ್ರ ಬದಲಾಯಿಸಲು ಸಾಧ್ಯ. ಚೌಕಟ್ಟು ದೊಡ್ಡದಾದರೆ ಸವಾರನು ತೋಳುಗಳನ್ನು ಅತಿಯಾಗಿ ಚಾಚಬೇಕಾಗುತ್ತದೆ; ದೇಹದ ಭಾರವು ಅಂಗೈಗಳ ಮೇಲೆ ಬೀಳುತ್ತದೆ. ನನಗೆ ಆದದ್ದು ಇದೇ. ಚೌಕಟ್ಟಿನ ಅಳತೆಯನ್ನು ಅಂಕಿಗಳಲ್ಲಿ ನಮೂದಿಸುವುದುಂಟು. ಆದರೆ ಎಲ್ಲ ತಯಾರಕರೂ ಒಂದೇ ರೀತಿಯಲ್ಲಿ ಅಳೆಯುವುದಿಲ್ಲವಾದ್ದರಿಂದ ಅಂಕಿಯೊಂದನ್ನೇ ನಂಬಲಾಗದು. ಹತ್ತಿ ಸವಾರಿ ಮಾಡಿಯೇ ನೋಡಬೇಕು. ಸೀಟಿನ ಎತ್ತರಕ್ಕೆ ಸುಲಭವಾದ ಪರೀಕ್ಷೆಯೊಂದಿದೆ. ಪೆಡಲು ಅತ್ಯಂತ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ಮುಂಗಾಲಿನಿಂದ ತುಳಿಯುವಾಗ ಮಂಡಿಯು ತುಸುವೇ ಮಡಿಸಿದಂತಿರುತ್ತದೆ. ಅದೇ ಸರಿಯಾದ ಎತ್ತರ.

ಎರಡನೆಯದಾಗಿ, ಯಾವ ದಾರಿಯಲ್ಲಿ ಯಾವ ಉದ್ದೇಶದಿಂದ ಸವಾರಿ ಮಾಡುತ್ತೇವೆಂಬುದನ್ನು ಯೋಚಿಸಬೇಕು. ಸ್ಪರ್ಧೆಯ ಸೈಕಲ್ಲಿನಲ್ಲಿ ಹ್ಯಾಂಡಲು ತೀರ ತಗ್ಗಿನಲ್ಲಿರುತ್ತದೆ. ದೀರ್ಘ ಪ್ರಯಾಣಕ್ಕೆಂದು ರಚಿಸಿದ ಸೈಕಲ್ಲಿನಲ್ಲಿ ಅದು ಸ್ವಲ್ಪ ಎತ್ತರದಲ್ಲಿದ್ದು, ಬೆನ್ನಿಗೆ ಹಿತವಾಗಿರುತ್ತದೆ. ಮೊದಲ ಬಾರಿಗೆ ಕೊಳ್ಳುವವರಿಗೆ ಇದೇ ಮೇಲು. ಟೈರಿನ ವಿಷಯವೂ ಹೀಗೆಯೇ. 23 ಮಿಲಿಮೀಟರ್ ಅಗಲದ ಟೈರಿಗೆ ಗಾಳಿಯನ್ನು ಬಿರುಸಾಗಿ ತುಂಬಿದರೆ ವೇಗ ಹೆಚ್ಚೆಂದು ಹಿಂದೆ ಭಾವಿಸಲಾಗಿತ್ತು. 28 ಅಥವಾ 32 ಮಿಲಿಮೀಟರಿನ ಟೈರಿಗೆ ಹದವಾಗಿ ಗಾಳಿ ತುಂಬಿದರೆ ಒರಟು ದಾರಿಯ ಕುಲುಕಾಟ ತಗ್ಗುವುದೆಂದೂ ವೇಗಕ್ಕೆ ಹೇಳಿಕೊಳ್ಳುವಂತಹ ಕುಂದಿಲ್ಲವೆಂದೂ ಈಗ ತಿಳಿದಿದೆ. ನಮ್ಮ ರಸ್ತೆಗಳ ಗುಂಡಿಗಳನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆದರೆ ಅಷ್ಟು ಅಗಲದ ಟೈರಿಗೆ ಚೌಕಟ್ಟಿನಲ್ಲಿ ಎಡೆಯಿದೆಯೇ ಎಂಬುದನ್ನು ಮೊದಲೇ ಕೇಳಿ ತಿಳಿಯಬೇಕು.

ಮೂರನೆಯದು ಗೇರುಗಳ ಲೆಕ್ಕ. ಪೆಡಲಿನ ಬಳಿಯ ಹಲ್ಲುಚಕ್ರದಲ್ಲಿ 50 ಹಲ್ಲುಗಳೂ ಹಿಂದಿನದರಲ್ಲಿ 11 ಹಲ್ಲುಗಳೂ ಇದ್ದರೆ, ಪೆಡಲು ಒಂದು ಸುತ್ತು ತಿರುಗಿದಾಗ ಹಿಂದಿನ ಚಕ್ರವು ಸುಮಾರು ನಾಲ್ಕೂವರೆ ಸುತ್ತು ತಿರುಗುತ್ತದೆ. ಚಕ್ರದ ಸುತ್ತಳತೆ 2.1 ಮೀಟರ್ ಎಂದಿಟ್ಟುಕೊಂಡರೆ ಸೈಕಲ್ಲು ಸುಮಾರು 9.5 ಮೀಟರ್ ಮುಂದೆ ಸಾಗುತ್ತದೆ. ಮುಂದೆ 34, ಹಿಂದೆ 32 ಹಲ್ಲುಗಳಿದ್ದರೆ ಸಾಗುವ ದೂರ ಸುಮಾರು 2.2 ಮೀಟರ್ ಮಾತ್ರ. ಆದರೆ ತುಳಿಯಲು ಬೇಕಾಗುವ ಬಲವೂ ಅದಕ್ಕನುಗುಣವಾಗಿ ತಗ್ಗುತ್ತದೆ. ಚಾಮುಂಡಿ ಬೆಟ್ಟವನ್ನೋ ನಂದಿಬೆಟ್ಟವನ್ನೋ ಏರುವವನಿಗೆ ಬೇಕಾದುದು ಈ ಎರಡನೆಯ ಗೇರು. ಅಂಗಡಿಯಲ್ಲಿ ‘ಎಷ್ಟು ಗೇರುಗಳಿವೆ?’ ಎಂದು ಕೇಳುವುದಕ್ಕಿಂತ ‘ಅತಿ ಹಗುರವಾದ ಗೇರು ಯಾವುದು?’ ಎಂದು ಕೇಳುವುದು ಜಾಣತನ.

ಇನ್ನು ತೂಕದ ಮಾತು. ಉಕ್ಕಿನ ಚೌಕಟ್ಟು ಭಾರವಾದರೂ ಬಾಳಿಕೆಯದು, ಮುರಿದರೆ ಬೆಸೆಯಬಹುದು. ಅಲ್ಯುಮಿನಿಯಂ ಹಗುರ, ಬೆಲೆಯೂ ಮಿತವಾದದ್ದು. ಕಾರ್ಬನ್ ನಾರಿನ ಚೌಕಟ್ಟು ಇನ್ನೂ ಹಗುರ, ಆದರೆ ದುಬಾರಿ. ಬಲವಾದ ಪೆಟ್ಟು ಬಿದ್ದಾಗ ಒಳಗಾದ ಬಿರುಕು ಹೊರಗೆ ಕಾಣದಿರುವ ಅಪಾಯವೂ ಉಂಟು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದಂತೆ ರಸ್ತೆ ಸ್ಪರ್ಧೆಯ ಸೈಕಲ್ಲು 6.8 ಕಿಲೋಗ್ರಾಮಿಗಿಂತ ಕಡಿಮೆ ತೂಗಕೂಡದು. ಅಷ್ಟು ಹಗುರವಾದುದರ ಹಂಬಲ ನಮಗೇಕೆ? 62 ಕಿಲೋಗ್ರಾಂ ತೂಗುವ ಸವಾರನು 10 ಕಿಲೋಗ್ರಾಮಿನ ಸೈಕಲ್ಲಿನೊಡನೆ ಬೆಟ್ಟವನ್ನು ಏರುವಾಗ ಒಟ್ಟು 72 ಕಿಲೋಗ್ರಾಮನ್ನು ಮೇಲಕ್ಕೆ ಒಯ್ಯುತ್ತಾನೆ. ಹೆಚ್ಚು ಹಣ ತೆತ್ತು ಸೈಕಲ್ಲಿನಲ್ಲಿ ಒಂದು ಕಿಲೋಗ್ರಾಂ ಉಳಿಸಿದರೆ, ಹೊರೆಯು ನೂರಕ್ಕೆ ಒಂದೂವರೆ ಪಾಲಿನಷ್ಟೂ ತಗ್ಗುವುದಿಲ್ಲ. ಆ ಹಣವನ್ನು ಒಳ್ಳೆಯ ಬ್ರೇಕು, ಶಿರಸ್ತ್ರಾಣ, ದೀಪ, ಪಂಪು, ಒಂದು ಹೆಚ್ಚಿನ ಟ್ಯೂಬು ಇವುಗಳಿಗೆ ವೆಚ್ಚ ಮಾಡುವುದು ವಿವೇಕ. ಮಳೆಯಲ್ಲಿ ಇಳಿಜಾರಿನ ದಾರಿಯಲ್ಲಿ ಬರುವವನಿಗೆ ಡಿಸ್ಕ್ ಬ್ರೇಕು ಹೆಚ್ಚು ನೆಚ್ಚಿಕೆಯದು. ಬಿಡಿಭಾಗಗಳು ಸಮೀಪದಲ್ಲಿ ದೊರೆಯುತ್ತವೆಯೇ ಎಂಬುದನ್ನೂ ವಿಚಾರಿಸಬೇಕು.

ನಾನು ಎರಡನೆಯ ಬಾರಿ ಕೊಂಡ ಸೈಕಲ್ಲಿನ ಬಣ್ಣ ಬೂದು. ನೋಡಲು ಅಂಥ ಅಂದವೇನೂ ಇಲ್ಲ. ಬೆಲೆಯೂ ಮೊದಲಿನದಕ್ಕಿಂತ ಕಡಿಮೆ. ಆದರೆ ಅದರ ಮೇಲೆ ಎರಡು ಗಂಟೆ ಸವಾರಿ ಮಾಡಿದರೂ ಕೈ ಜೋಮು ಹಿಡಿಯುವುದಿಲ್ಲ. ಮೊದಲ ಬಾರಿಗೆ ಚಾಮುಂಡಿ ಬೆಟ್ಟವನ್ನು ಏರಿದ ದಿನ ದಾರಿಯಲ್ಲಿ ಮೂರು ಕಡೆ ಇಳಿದು ದಣಿವಾರಿಸಿಕೊಂಡೆನು. ಆದರೂ ತುದಿಯನ್ನು ಮುಟ್ಟಿದೆನು. ಹಿಂದಿರುಗುವಾಗ ಆ ಹಳೆಯ ವಿದ್ಯಾರ್ಥಿಯ ಅಂಗಡಿಯ ಮುಂದೆ ನಿಂತು ಸುದ್ದಿಯನ್ನು ಹೇಳಿದೆ. ಅವನು ಕೈಯಲ್ಲಿದ್ದ ಪಾನವನ್ನು ಕೆಳಗಿಟ್ಟು, “ಈಗ ಸೀಟಿನ ಮೇಲೆ ಕುಳಿತು ತುಳಿದಿರಿ, ಮೇಷ್ಟ್ರೇ” ಎಂದನು.

ನಾವು ಅನೇಕ ವೇಳೆ ನಮ್ಮ ಸಾಧನಗಳ ದೋಷವನ್ನು ನಮ್ಮ ದೋಷವೆಂದೇ ಭಾವಿಸಿ ಕೈಚೆಲ್ಲುತ್ತೇವೆ. ಹಾಗೆ ಕೈಚೆಲ್ಲುವ ಮುನ್ನ ಒಮ್ಮೆ ಅಳತೆಯನ್ನು ನೋಡುವುದು ಒಳ್ಳೆಯದು.