ಹೋಲ್ಬೈನ್ ಕಂಡ ಎರಡು ಮುಖಗಳು

ಪ್ರಾರ್ಥನಾ ಪುಸ್ತಕದ ಹಾಳೆಗಳ ನಡುವೆ ನಾವು ಇಟ್ಟುಕೊಳ್ಳುವ ಸಂತರ ಚಿತ್ರಗಳಲ್ಲಿ ಒಂದು ವಿಚಿತ್ರವಿದೆ. ಕೆಳಗಿನ ಹೆಸರನ್ನು ಮುಚ್ಚಿದರೆ ಯಾರು ಯಾರೆಂದು ತಿಳಿಯುವುದು ಕಷ್ಟ. ಎಲ್ಲರಿಗೂ ಅದೇ ಗುಲಾಬಿ ಕೆನ್ನೆ, ಅದೇ ಮೇಲೆತ್ತಿದ ಕಣ್ಣು! ಇಂಗ್ಲೆಂಡಿನ ರಕ್ತಸಾಕ್ಷಿಗಳಾದ ಸಂತ ಥಾಮಸ್ ಮೋರ್ ಮತ್ತು ಸಂತ ಜಾನ್ ಫಿಷರ್ ಅವರ ವಿಷಯದಲ್ಲಿ ಹಾಗಾಗಲಿಲ್ಲ. ಅವರು ಬದುಕಿದ್ದಾಗಲೇ ಅವರ ಮುಖಗಳನ್ನು ಚಿತ್ರಿಸಿದವನು ಹಾನ್ಸ್ ಹೋಲ್ಬೈನ್.

ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಹುಟ್ಟಿ ಬಾಸೆಲ್‌ನಲ್ಲಿ ನೆಲೆಸಿದ್ದ ಈ ಚಿತ್ರಕಾರ 1526ರಲ್ಲಿ, ವಿದ್ವಾಂಸ ಎರಾಸ್ಮಸ್‌ನ ಶಿಫಾರಸಿನೊಂದಿಗೆ ಇಂಗ್ಲೆಂಡಿಗೆ ಬಂದು ಮೋರ್ ಅವರ ಆಶ್ರಯ ಪಡೆದನು. 1527ರ ತೈಲಚಿತ್ರದಲ್ಲಿ ಮೋರ್ ಅವರ ಗಲ್ಲದ ಮೇಲೆ ಕ್ಷೌರ ಕಾಣದ ಕುರುಚಲು ಗಡ್ಡವೂ ಇದೆ, ಕಣ್ಣುಗಳಲ್ಲಿ ದಣಿವೂ ಇದೆ. ಆದರೆ ನಮಗೆ ಹೆಚ್ಚು ಪ್ರಿಯವಾದವು ಆತನ ಕಾಗದದ ರೇಖಾಚಿತ್ರಗಳು. ಅಂಥ ಸುಮಾರು 80 ಚಿತ್ರಗಳು ಇಂಗ್ಲೆಂಡಿನ ರಾಜಸಂಗ್ರಹದಲ್ಲಿವೆ.

ಇಂದು ಮಿಶ್ರಮಾಧ್ಯಮವೆಂದು ಕರೆಯುವ ಕ್ರಮವನ್ನು ಆ ಕಾಗದಗಳ ಮೇಲೆ ಕಾಣಬಹುದು. 1532ರಲ್ಲಿ ಮರಳಿ ಬಂದ ಮೇಲೆ ಹೋಲ್ಬೈನ್ ಕಾಗದಕ್ಕೆ ಮೊದಲೇ ನಸುಗೆಂಪು ಲೇಪ ಹಚ್ಚತೊಡಗಿದನು; ಚರ್ಮದ ಬಣ್ಣಕ್ಕೆ ಆ ಲೇಪವೇ ಸಾಕಾಯಿತು. ಕೆನ್ನೆಯ ಮೃದುತ್ವವನ್ನು ಬಣ್ಣದ ಚಾಕ್ ತಂದಿತು. ರೆಪ್ಪೆಯ ಅಂಚು, ತುಟಿಗಳ ಸಂಧಿ ಮುಂತಾಗಿ ಖಚಿತತೆ ಬೇಕಾದಲ್ಲಿ ಮಸಿ ಬಂತು. ಉಡುಪಿನ ಬಣ್ಣವನ್ನು ಕೆಲವೆಡೆ ಅಕ್ಷರಗಳಲ್ಲಿ ಬರೆದಿಟ್ಟು ಮುಂದೆ ಸಾಗಿದ್ದಾನೆ. ಆತನಿಗೆ ಅವಸರವಾಗಿ ಬೇಕಿದ್ದುದು ಮುಖ.

ನಮ್ಮ ತರುಣರು ಇದನ್ನು ಅಭ್ಯಾಸ ಮಾಡಬಹುದು. ಕನ್ನಡಿಯೊಂದಿದ್ದರೆ ಕುಳಿತುಕೊಡುವವರನ್ನು ಹುಡುಕಬೇಕಿಲ್ಲ. ಕಲಿಯುವವರು ಸಾಮಾನ್ಯವಾಗಿ ಕಣ್ಣುಗಳನ್ನು ತೀರ ಮೇಲಕ್ಕೆ ಬರೆಯುತ್ತಾರೆ. ಅವು ತಲೆಯ ಎತ್ತರದ ಸರಿಸುಮಾರು ನಡುವೆ ಇರುತ್ತವೆಂಬುದನ್ನು ಅಳೆದು ನೋಡಿದಾಗಲೇ ನಂಬುತ್ತಾರೆ. ದಪ್ಪ ಕಾಗದವಿರಲಿ, ತೆಳುವಾದುದು ನೀರಿಗೆ ಸುಕ್ಕಾಗುತ್ತದೆ. ಹಗುರವಾದ ಪೆನ್ಸಿಲ್ ರೇಖೆ, ಅದರ ಮೇಲೆ ತೆಳು ಜಲವರ್ಣ, ಅದು ಪೂರ್ತಿ ಒಣಗಿದ ಬಳಿಕ ಇದ್ದಿಲು ಅಥವಾ ಚಾಕ್, ಕೊನೆಗೆ ಎರಡು ಮೂರು ಕಡೆ ಮಾತ್ರ ಮಸಿ. ಇದ್ದಿಲನ್ನು ಮೊದಲೇ ಬಳಿದು ಮೇಲೆ ನೀರು ಹಚ್ಚಿದರೆ ಕಪ್ಪು ಹರಡಿ ಬಣ್ಣವೆಲ್ಲ ಕೊಳೆಯಾಗುತ್ತದೆ. ಮೇಣದ ಬಳಪ ತಾಗಿದಲ್ಲಿ ಜಲವರ್ಣ ಹಿಡಿಯದು. ಅಜ್ಜಂದಿರ ನರೆಗೂದಲಿಗೆ ಆ ಗುಣವೇ ಉಪಕಾರಿ.

ಪ್ರತಿಯೊಂದು ವಸ್ತುವಿಗೂ ಅದನ್ನು ಅದೇ ಆಗಿಸುವ, ಬೇರೊಂದರಲ್ಲಿಲ್ಲದ 'ಇದುತನ'ವಿದೆ ಎಂದು ಮಧ್ಯಯುಗದ ದಾರ್ಶನಿಕ ಡನ್ಸ್ ಸ್ಕೋಟಸ್ ವಾದಿಸಿದನು. ಗುರುಮಠದಲ್ಲಿ ಇದನ್ನು ಓದುವಾಗ ಶುಷ್ಕವೆನಿಸುವುದುಂಟು. ಫಿಷರ್ ಅವರ ಚಿತ್ರದ ಮುಂದೆ ಅದು ಶುಷ್ಕವಾಗಿ ಉಳಿಯದು. ಗುಳಿಬಿದ್ದ ಕೆನ್ನೆ, ಬಿಗಿದ ತುಟಿ, ಅರವತ್ತು ದಾಟಿದ ಧರ್ಮಾಧ್ಯಕ್ಷರ ಬಳಲಿಕೆ ಎಲ್ಲವೂ ಅಲ್ಲಿವೆ. ಪ್ರಭಾವಳಿಯಿಲ್ಲ.

1535ರ ಜೂನ್ 22ರಂದು ಫಿಷರ್ ಅವರ, ಜುಲೈ 6ರಂದು ಮೋರ್ ಅವರ ಶಿರಚ್ಛೇದವಾಯಿತು. ಹೋಲ್ಬೈನ್ ಮಾತ್ರ ಅವರನ್ನು ಕೊಲ್ಲಿಸಿದ ಎಂಟನೆಯ ಹೆನ್ರಿಯ ಚಿತ್ರಕಾರನಾದನು. ಇದನ್ನು ದ್ರೋಹವೆನ್ನಬೇಕೇ? ಬಾಸೆಲ್‌ನಲ್ಲಿ ಆತನಿಗೆ ಹೆಂಡತಿ ಮಕ್ಕಳಿದ್ದರು. ನಾವು ಸುಲಭವಾಗಿ ತೀರ್ಪು ಕೊಡಲಾರೆವು. ಆದರೆ ಅರಸನ ಅಗಲ ಮುಖ, ಸಣ್ಣ ಕಣ್ಣು, ಕಿರಿದಾದ ಬಾಯಿಯನ್ನೂ ಆತ ಮರೆಮಾಚಲಿಲ್ಲ.

ಮೋರ್ ಮತ್ತು ಫಿಷರ್ ಇಬ್ಬರಿಗೂ 1935ರಲ್ಲಿ ಸಂತ ಪದವಿ ದೊರೆಯಿತು. ಅರಸನು ತಲೆ ಕಡಿಸಿದ ಆ ವೃದ್ಧ ಧರ್ಮಾಧ್ಯಕ್ಷರ ಮುಖ, ಚಾಕ್ ಮತ್ತು ಮಸಿಯಲ್ಲಿ, ವಿಂಡ್ಸರ್ ಅರಮನೆಯಲ್ಲೇ ಜೋಪಾನವಾಗಿದೆ.